ಬಿಟ್ಟ ಮೀನಿನ ಲೆಕ್ಕ

ಬಾಸ್ಟನ್ ಸುತ್ತಮುತ್ತ ಕಡಲಂಚಿನಲ್ಲಿ ಗಾಳ ಹಾಕುವವರಲ್ಲಿ ಎರಡು ಪಂಗಡ. ಮೊದಲನೆಯವರ ಕೈಯಲ್ಲಿ ಹತ್ತು ಹನ್ನೊಂದು ಅಡಿಯ ದಪ್ಪ ರಾಡ್ ಇರುತ್ತದೆ. ಕೇಪ್ ಕಾಡ್ ಕಾಲುವೆಯ ಬಂಡೆಗಳ ಮೇಲೆ ನಿಂತು, ಗಂಟೆಗೆ ಐದು ಮೈಲಿ ವೇಗದಲ್ಲಿ ಹರಿಯುವ ನೀರಿಗೆ ಮೂರು ನಾಲ್ಕು ಔನ್ಸಿನ ಜಿಗ್, ಅಂದರೆ ಕೊಕ್ಕೆ ಕೂರಿಸಿದ ಸೀಸದ ತುಂಡು, ಬೀಸಿ ಒಗೆಯುತ್ತಾರೆ. ಎರಡನೆಯವರು ಏಳಡಿಯ ತೆಳ್ಳನೆ ರಾಡ್ ಹಿಡಿದು ತೊರೆ ಕಡಲು ಸೇರುವ ಕಡೆ, ಸೇತುವೆ ಕೆಳಗೆ, ಮಂಡಿಯುದ್ದ ನೀರಿನಲ್ಲಿ ಸದ್ದಿಲ್ಲದೆ ಓಡಾಡುವವರು. ಕಾಲುವೆಯವರಿಗೆ ನಮ್ಮನ್ನು ಕಂಡರೆ ಸ್ವಲ್ಪ ನಗು. ನಮಗೂ ಅವರನ್ನು ಕಂಡರೆ ಹಾಗೇ. ಆದರೆ ಇಬ್ಬರೂ ಕಾಯುವುದು ಒಂದೇ ಮೀನಿಗೆ, ಸ್ಟ್ರೈಪ್ಡ್ ಬಾಸ್. ಇಲ್ಲಿ ಎಲ್ಲರ ಬಾಯಲ್ಲೂ ಅದು ಸ್ಟ್ರೈಪರ್.

ನೋಡೋದಕ್ಕೆ ಚಂದದ ಮೀನು. ಬೆಳ್ಳಿ ಮೈ, ಹಸಿರು ಕಪ್ಪು ಬೆನ್ನು, ಕಿವಿರಿನಿಂದ ಬಾಲದವರೆಗೆ ಏಳೆಂಟು ಕಪ್ಪು ಗೆರೆ. ಸಾಮಾನ್ಯವಾಗಿ ನಮ್ಮ ಕೈಗೆ ಸಿಗೋದು ಒಂದು ಎರಡು ಕಿಲೋದವು, ಇವಕ್ಕೆ ಸ್ಕೂಲಿ ಅಂತಾರೆ. ಆದರೆ ಇದು ಮೂವತ್ತು ವರ್ಷ ಬದುಕಬಲ್ಲ ಮೀನು. ಗಾಳದಲ್ಲಿ ಸಿಕ್ಕ ದಾಖಲೆಯ ಸ್ಟ್ರೈಪರ್ ತೂಗಿದ್ದು 81 ಪೌಂಡ್ 14 ಔನ್ಸ್, ಅಂದರೆ 37 ಕಿಲೋ. 2011ರ ಆಗಸ್ಟ್‌ನಲ್ಲಿ ಕನೆಕ್ಟಿಕಟ್ ತೀರದಲ್ಲಿ ಗ್ರೆಗ್ ಮೈಯರ್ಸನ್ ಅನ್ನುವವರು ಹಿಡಿದದ್ದು. ಅಷ್ಟು ದೊಡ್ಡದು ನನ್ನ ರಾಡಿಗೆ ಬಿದ್ದರೆ ರಾಡನ್ನು ನೀರಿಗೆ ಬಿಟ್ಟು ಮನೆಗೆ ಬರೋದೇ ಒಳ್ಳೆಯದು.

ನಾನು ಎರಡನೆಯ ಪಂಗಡ ಸೇರಿದ್ದಕ್ಕೆ ಕಾರಣ ಊರು. ಗಂಗೊಳ್ಳಿಯ ಅಳಿವೆಯಲ್ಲಿ, ಐದು ಹೊಳೆ ಸೇರಿ ಕಡಲಿಗೆ ಬೀಳುವ ಆ ಜಾಗದಲ್ಲಿ, ಚಿಕ್ಕವರಿದ್ದಾಗ ನಮಗೆ ರಾಡ್ ಎಲ್ಲಿತ್ತು? ಮರದ ತುಂಡಿಗೆ ಸುತ್ತಿದ ನೈಲಾನ್ ದಾರ, ತುದಿಗೆ ಕೊಕ್ಕೆ, ಕೊಕ್ಕೆಗೆ ಸೀಗಡಿ. ದಾರ ತೋರುಬೆರಳಿನ ಮೇಲೆ ಹಾದು ನೀರಿಗೆ ಇಳಿಯುತ್ತಿತ್ತು. ಮೀನು ಮೂಸಿದ್ದು, ಏಡಿ ಕಿತ್ತಿದ್ದು, ಕಸ ಸಿಕ್ಕಿದ್ದು ಎಲ್ಲ ಬೆರಳಿಗೇ ಗೊತ್ತಾಗಬೇಕು. ಅಮೆರಿಕಕ್ಕೆ ಬಂದ ಮೇಲೆ ದೊಡ್ಡ ರಾಡ್ ಹಿಡಿದೂ ನೋಡಿದೆ. ದೂರಕ್ಕೆ ಹೋಗುತ್ತದೆ ನಿಜ, ಆದರೆ ಅದರಲ್ಲಿ ಬೆರಳಿಗೆ ಏನೂ ಕೇಳಿಸುವುದಿಲ್ಲ. ಹಗುರ ರಾಡ್ ಹಿಡಿದ ದಿನ ಆ ಕೈದಾರ ವಾಪಸ್ ಸಿಕ್ಕ ಹಾಗಾಯಿತು.

ಸಾಮಾನು ಜಾಸ್ತಿ ಏನಿಲ್ಲ. ಏಳಡಿಯ ರಾಡ್, 3000 ಸೈಜಿನ ಸ್ಪಿನ್ನಿಂಗ್ ರೀಲ್, ಹತ್ತರಿಂದ ಹದಿನೈದು ಪೌಂಡ್ ತಾಳುವ ಹೆಣೆದ ದಾರ. ಇದಕ್ಕೆ ಬ್ರೇಡ್ ಅಂತಾರೆ, ಹೊಲಿಗೆ ನೂಲಿನಷ್ಟು ಸಪೂರ, ಎಳೆದರೆ ಸ್ವಲ್ಪವೂ ಹಿಗ್ಗುವುದಿಲ್ಲ. ಹಿಗ್ಗುವುದಿಲ್ಲ ಅನ್ನುವುದೇ ಅದರ ಗುಣ, ಮೂವತ್ತು ಮೀಟರ್ ಆಚೆ ಮೀನು ಮುಟ್ಟಿದ್ದು ಹಾಗೇ ಕೈಗೆ ಬರುತ್ತದೆ. ತುದಿಗೆ ಎರಡು ಮೂರು ಅಡಿ ಫ್ಲೋರೋಕಾರ್ಬನ್, ಬಂಡೆಗೆ ಚಿಪ್ಪಿಗೆ ಉಜ್ಜಿದರೂ ಬೇಗ ಹರಿಯದ ದಾರ. ಉಕ್ಕಿನ ತಂತಿ ಬೇಕಾಗಿಲ್ಲ. ಸ್ಟ್ರೈಪರ್‌ಗೆ ಕತ್ತರಿಸುವ ಹಲ್ಲೇ ಇಲ್ಲ, ಬಾಯೆಲ್ಲ ಮರಳು ಕಾಗದದ ಹಾಗೆ ಒರಟು. ಬೇಟೆಯನ್ನು ಕಚ್ಚುವುದಿಲ್ಲ, ಬಾಯಿ ಅಗಲಿಸಿ ನೀರಿನ ಸಮೇತ ಒಳಗೆ ಎಳೆದುಕೊಳ್ಳುತ್ತದೆ. ಅದೇ ನೀರಿನಲ್ಲಿ ಬ್ಲೂಫಿಶ್ ಬಂತೋ, ಆಗ ಕಥೆ ಬೇರೆ. ಅದಕ್ಕೆ ಕತ್ತರಿಯಂಥ ಹಲ್ಲು. ನೂರಾರು ರೂಪಾಯಿಯ ಲೂರನ್ನು, ಅಂದರೆ ಕೊಕ್ಕೆಗೆ ಹಾಕುವ ನಕಲಿ ಮೀನನ್ನು, ನಡುಮಧ್ಯಕ್ಕೆ ತುಂಡರಿಸಿ ಹೋಗುತ್ತದೆ.

ಲೂರ್ ವಿಷಯದಲ್ಲಿ ಅಂಗಡಿಯವರು ನಿಮ್ಮನ್ನು ಬಡವರನ್ನಾಗಿ ಮಾಡೋದಕ್ಕೆ ತಯಾರಾಗಿ ಕೂತಿರುತ್ತಾರೆ. ಗೋಡೆ ತುಂಬಾ ಬಣ್ಣ ಬಣ್ಣದವು. ನನ್ನ ಡಬ್ಬಿಯಲ್ಲಿರೋದು ಆರೇಳು ಇಂಚಿನ ಮೆತ್ತನೆ ಪ್ಲಾಸ್ಟಿಕ್ ಮೀನು, ಬಿಳಿ ಮತ್ತು ಕಪ್ಪು, ಅರ್ಧ ಔನ್ಸಿನ ಜಿಗ್ ಹೆಡ್, ನೀರಿನ ಮೇಲೆ ಅತ್ತಿತ್ತ ತೂರಾಡುವ ಒಂದು ಸ್ಪೂಕ್, ಜಿಂಕೆ ಬಾಲದ ಕೂದಲು ಕಟ್ಟಿದ ಬಕ್‌ಟೇಲ್. ಹಗಲಿಗೆ ಬಿಳಿ, ರಾತ್ರಿಗೆ ಕಪ್ಪು. ರಾತ್ರಿ ಕಪ್ಪು ಯಾಕೆ ಅಂತ ಮೊದಲು ನನಗೂ ಅನಿಸಿತ್ತು. ಮೀನು ಕೆಳಗಿನಿಂದ ಮೇಲೆ ನೋಡುತ್ತದೆ, ಆಕಾಶ ಎಷ್ಟೇ ಕತ್ತಲಾದರೂ ನೀರಿಗಿಂತ ತಿಳಿ, ಆ ತಿಳಿಯ ಎದುರು ಕಪ್ಪು ಆಕಾರ ಎದ್ದು ಕಾಣುತ್ತದೆ, ಅಷ್ಟೇ.

ಇನ್ನು ಜಾಗ. ಬಾಸ್ಟನ್ನಿಗೆ ದಕ್ಷಿಣಕ್ಕೆ ಕ್ವಿನ್ಸಿ ಅನ್ನುವ ಊರಿದೆ. ಅಲ್ಲಿ ವೊಲಾಸ್ಟನ್ ಬೀಚಿನ ಪಕ್ಕ ಬ್ಲ್ಯಾಕ್ಸ್ ಕ್ರೀಕ್ ಅಂತ ಒಂದು ಉಪ್ಪುನೀರಿನ ತೊರೆ ರಸ್ತೆ ಕೆಳಗೆ ಹಾದು ಕೊಲ್ಲಿಗೆ ಬೀಳುತ್ತದೆ. ಬಾಸ್ಟನ್ ಕಡೆ ಉಬ್ಬರ ಇಳಿತದ ನಡುವೆ ನೀರಿನ ಮಟ್ಟ ಹತ್ತಿರ ಹತ್ತಿರ ಹತ್ತಡಿ ವ್ಯತ್ಯಾಸ ಆಗುತ್ತದೆ. ನಮ್ಮ ಕರಾವಳಿಯಲ್ಲಿ ಇದನ್ನು ಕಂಡವರಿಲ್ಲ, ಅಲ್ಲಿ ಅದರ ಅರ್ಧವೂ ಇಲ್ಲ. ಹತ್ತಡಿ ನೀರು ಆರು ಗಂಟೆಯಲ್ಲಿ ಇಳಿಯುವಾಗ ಒಳಗಿನ ಜವುಗಿನಲ್ಲಿ ಅಡಗಿದ್ದ ಸಣ್ಣ ಸೀಗಡಿ, ಬೆರಳುದ್ದದ ಬೆಳ್ಳಿ ಮೀನು, ಮರಿ ಏಡಿ ಎಲ್ಲ ತೊರೆಯ ಬಾಯಿಗೆ ಬಂದು ಬೀಳಲೇಬೇಕು. ಸ್ಟ್ರೈಪರ್ ಹರಿವಿನ ಮಧ್ಯದಲ್ಲಿ ಈಜುತ್ತಾ ಸುಸ್ತಾಗುವ ಮೀನಲ್ಲ. ಬಂಡೆಯ ಹಿಂದೆ, ಕಂಬದ ಮರೆಯಲ್ಲಿ, ರಭಸದ ನೀರೂ ನಿಂತ ನೀರೂ ಉಜ್ಜಿಕೊಳ್ಳುವ ಗೆರೆಯಲ್ಲಿ ನಿಂತು ಊಟ ತಾನಾಗಿ ಬರಲಿ ಅಂತ ಕಾಯುತ್ತದೆ. ಆ ಗೆರೆ ಹುಡುಕುವುದೇ ಅರ್ಧ ಕೆಲಸ. ಇದನ್ನು ನನಗೆ ಯಾವ ವಿಡಿಯೋನೂ ಹೇಳಿಕೊಡಬೇಕಾಗಿರಲಿಲ್ಲ. ಅಳಿವೆ ಎಲ್ಲಿದ್ದರೂ ಅಳಿವೆಯೇ.

ರಾತ್ರಿಯಾದರೆ ಸೇತುವೆಯ ದೀಪ. ದೀಪದ ಬೆಳಕು ನೀರಿನ ಮೇಲೆ ಬಿದ್ದು ಒಂದು ಕಡೆ ನೆರಳು ಮಾಡುತ್ತದಲ್ಲ, ಆ ನೆರಳಿನ ಅಂಚಿನ ಒಳಗೆ ಮೂತಿ ಮಾತ್ರ ಬೆಳಕಿನ ಕಡೆ ಮಾಡಿಕೊಂಡು ನಿಂತಿರುತ್ತವೆ. ಲೂರನ್ನು ಬೆಳಕಿನಲ್ಲಿ ಬೀಳಿಸಿ, ಎಳೆಯದೆ, ಹರಿವಿಗೆ ಬಿಟ್ಟು ನೆರಳಿಗೆ ತೇಲಿಸಬೇಕು. ಕೈ ಸುಮ್ಮನಿರಬೇಕು. ಹೊಸಬರು ಇಲ್ಲೇ ಕೆಡಿಸುವುದು, ರೀಲ್ ತಿರುಗಿಸುತ್ತಲೇ ಇರುತ್ತಾರೆ. ದುಡ್ಡು ಕೊಟ್ಟು ರೀಲ್ ತಂದ ಮೇಲೆ ತಿರುಗಿಸದೆ ಇರೋದು ಕಷ್ಟವೇ ಬಿಡಿ.

ಬಿದ್ದ ಕೂಡಲೇ ಗೊತ್ತಾಗುತ್ತದೆ. ಮೊದಲು ಟಕ್ ಅಂತ ಒಂದು, ಆಮೇಲೆ ರಾಡ್ ಬುಡದವರೆಗೆ ಬಾಗುತ್ತದೆ, ರೀಲ್ ಕಿರ್ರ್ ಅಂತ ದಾರ ಬಿಡುತ್ತದೆ. ಹಾಗೆ ಬಿಡಿಸುವುದು ಡ್ರ್ಯಾಗ್, ರೀಲಿನ ಒಳಗಿನ ಬಿಲ್ಲೆಗಳ ಬಿಗಿ. ದಾರ ತಾಳುವ ತೂಕದ ಮೂರನೇ ಒಂದು ಪಾಲಿಗಿಂತ ಕಡಿಮೆಗೆ ಇದನ್ನು ಹೊಂದಿಸಿಡುತ್ತೇವೆ, ಅಷ್ಟು ಎಳೆತ ಬಂದರೆ ದಾರ ಹರಿಯುವ ಬದಲು ಬಿಚ್ಚಿಕೊಳ್ಳುತ್ತದೆ. ಸ್ಟ್ರೈಪರ್ ಮೇಲೆ ಹಾರಿ ಆಟ ತೋರಿಸುವುದು ಅಪರೂಪ. ಅದರದ್ದು ಹೊರಳಿ, ತಲೆ ಕೊಡವಿ, ನೇರ ಹರಿವಿನ ಕಡೆಗೆ ಓಡುವ ಜಾತಿ. ಮೂರು ಕಿಲೋದ ಮೀನು ಇಳಿತದ ಜೊತೆ ಸೇರಿ ಓಡಿದರೆ ಹಗುರ ರಾಡಿನಲ್ಲಿ ಎದೆ ಹೊಡೆದುಕೊಳ್ಳುತ್ತದೆ. ದೊಡ್ಡ ರಾಡಿನಲ್ಲಿ ಅದೇ ಮೀನನ್ನು ಮಾತಾಡುತ್ತಾ ಎಳೆದು ಹಾಕಬಹುದು.

ಈ ಖುಷಿ ಯಾರದು ಅನ್ನುವ ಪ್ರಶ್ನೆ ಎತ್ತಿದ್ದು ನನ್ನ ಸೋದರಮಾವ. ಗಂಗೊಳ್ಳಿಯಲ್ಲಿ ದೋಣಿಗೆ ಹೋಗುತ್ತಿದ್ದವರು, ಈಗ ಮಗಳ ಮನೆಗೆ ಅಂತ ಬೇಸಗೆಯಲ್ಲಿ ನ್ಯೂಜೆರ್ಸಿಗೆ ಬಂದು, ನಮ್ಮಲ್ಲೂ ಒಂದು ವಾರ ಇದ್ದರು. ಕ್ರೀಕಿಗೆ ಕರೆದುಕೊಂಡು ಹೋದೆ. ಗೆರೆ ಎಲ್ಲಿದೆ ಅಂತ ನಾನು ಹೇಳುವ ಮೊದಲೇ ಅವರ ಕಣ್ಣು ಅಲ್ಲಿಗೆ ಹೋಗಿತ್ತು. ಮೀನು ಬಂತು, ಅಳೆದೆ, ಕೊಕ್ಕೆ ಬಿಡಿಸಿ ನೀರಿಗೆ ಬಿಟ್ಟೆ. ಇನ್ನೊಂದು ಬಂತು, ಅದನ್ನೂ ಬಿಟ್ಟೆ. ಮಾವ ಸ್ವಲ್ಪ ಹೊತ್ತು ನೋಡಿದರು.

"ತಿಂಬುಕಲ್ದಿರೆ ಹಿಡುದ್ ಎಂತಕ್ ಮಾರಾಯ?"

ಆಟ ಮಾವ, ಸ್ಪೋರ್ಟ್ ಅಂತಾರೆ ಇದನ್ನ, ಮೀನಿಗೆ ಏನೂ ಆಗುವುದಿಲ್ಲ, ಬಿಡುವುದರಿಂದ ಸಂತತಿ ಉಳಿಯುತ್ತದೆ ಅಂತೆಲ್ಲ ಹೇಳಿದೆ. ಇಲ್ಲಿ ಎಲ್ಲರೂ ಹೇಳುವ ಮಾತೇ. ಅವರು ವಾದ ಮಾಡಲಿಲ್ಲ. "ಎಲ್ಲ ಬದುಕ್ತೊ?" ಅಂದರು, ಅಷ್ಟೇ.

ಎಲ್ಲ ಬದುಕುವುದಿಲ್ಲ. ಇದು ಗುಟ್ಟೇನಲ್ಲ. ಮೇನ್‌ನಿಂದ ನಾರ್ತ್ ಕೆರೊಲಿನಾವರೆಗೆ ಈ ಮೀನಿನ ನಿಯಮ ಮಾಡುವುದು ಅಟ್ಲಾಂಟಿಕ್ ರಾಜ್ಯಗಳ ಸಮುದ್ರ ಮೀನುಗಾರಿಕೆ ಆಯೋಗ. ಬಿಟ್ಟ ಮೀನುಗಳಲ್ಲಿ ನೂರಕ್ಕೆ ಒಂಬತ್ತು ಸಾಯುತ್ತವೆ ಅಂತ ಅವರು ಲೆಕ್ಕ ಹಿಡಿಯುತ್ತಾರೆ. ಅದು ಸರಾಸರಿ. ತಣ್ಣನೆ ಉಪ್ಪುನೀರಿನಲ್ಲಿ, ತುಟಿಗೆ ಸಿಕ್ಕಿದ ಒಂಟಿ ಕೊಕ್ಕೆಯನ್ನು ನೀರಿನಲ್ಲೇ ಬಿಡಿಸಿದರೆ ತುಂಬಾ ಕಡಿಮೆ. ಬಿಸಿ ನೀರಿನಲ್ಲಿ, ಉಪ್ಪು ಕಡಿಮೆ ಇರುವ ಕಡೆ, ಕೊಕ್ಕೆ ಗಂಟಲಿಗೆ ಇಳಿದಿದ್ದರೆ ತುಂಬಾ ಜಾಸ್ತಿ. ಹವ್ಯಾಸಿಗಳು ಹಿಡಿಯುವ ಸ್ಟ್ರೈಪರ್‌ಗಳಲ್ಲಿ ಹತ್ತಕ್ಕೆ ಒಂಬತ್ತನ್ನು ಬಿಡುತ್ತಾರೆ. ಹಾಗಾಗಿ ಬಿಟ್ಟು ಸತ್ತವುಗಳ ಒಟ್ಟು ಸಂಖ್ಯೆ ಕೆಲವು ವರ್ಷ ಮನೆಗೆ ಒಯ್ದವುಗಳನ್ನೂ ಮೀರಿದ್ದಿದೆ.

ಇದನ್ನು ಒಬ್ಬನ ಮಟ್ಟಕ್ಕೆ ಇಳಿಸಿ ನೋಡಿ. ಒಂದು ಸಂಜೆ ಹನ್ನೊಂದು ಮೀನು ಹಿಡಿದು ಹನ್ನೊಂದನ್ನೂ ಬಿಟ್ಟವನು, ಲೆಕ್ಕದಲ್ಲಿ ಒಂದನ್ನು ಕೊಂದು ಮನೆಗೆ ಬಂದ. ಪಕ್ಕದಲ್ಲಿದ್ದವನು ಒಂದು ಹಿಡಿದ, ಅಳತೆಗೆ ಸರಿ ಇತ್ತು, ಐಸಿಗೆ ಹಾಕಿ ರಾಡ್ ಮಡಚಿದ. ಅವನೂ ಕೊಂದಿದ್ದು ಒಂದು. ವ್ಯತ್ಯಾಸ ಇಷ್ಟೇ, ಎರಡನೆಯವನ ಮನೆಯಲ್ಲಿ ಸಾರು ಆಯಿತು. ಮೊದಲನೆಯವನು ಫೋಟೋ ಹಾಕಿ ಎರಡನೆಯವನಿಗೆ ಬುದ್ಧಿ ಹೇಳಿದ. ಇಲ್ಲಿ ಇದು ದಿನಾ ನಡೆಯುತ್ತದೆ. ಬಕೆಟ್ಟಿನಲ್ಲಿ ಮೀನಿಟ್ಟುಕೊಂಡವರನ್ನು, ಅದರಲ್ಲೂ ಅವರು ವಲಸಿಗರಾಗಿದ್ದರೆ, ಕೆಲವರು ನೋಡುವ ನೋಟ ನನಗೆ ಚೆನ್ನಾಗಿ ಗೊತ್ತು.

ಹಾಗಂತ ಎಲ್ಲರೂ ಮನೆಗೆ ಒಯ್ಯಲಿ ಅಂತಲ್ಲ. ಒಯ್ಯುವುದಕ್ಕೆ ಬಿಡುವುದೂ ಇಲ್ಲ. ಈಗಿನ ನಿಯಮ ದಿನಕ್ಕೆ ಒಂದು ಮೀನು, ಅದೂ 28 ಇಂಚಿಗಿಂತ ಕಡಿಮೆ ಇರಬಾರದು, 31 ಇಂಚು ಮುಟ್ಟಿರಬಾರದು. ಮೂರು ಇಂಚಿನ ಕಿಂಡಿ. ನಾನು ಹಿಡಿಯುವ ಬಹುಪಾಲು ಮೀನು ಆ ಕಿಂಡಿಯಲ್ಲಿ ತೂರುವುದೇ ಇಲ್ಲ. ಆದ್ದರಿಂದ ನಾನು ಬಿಡುವುದು ದೊಡ್ಡ ಮನಸ್ಸಿನಿಂದ ಅಂತ ಯಾರಾದರೂ ತಿಳಿದಿದ್ದರೆ, ಅಲ್ಲ, ಕಾನೂನು.

ಈ ಕಿಂಡಿ ಇಷ್ಟು ಸಣ್ಣದಾದ ಕಥೆ ಹೇಳಲೇಬೇಕು.

ಈ ನೆಲಕ್ಕೆ ಬಂದ ಇಂಗ್ಲಿಷರಿಗೆ ಸ್ಟ್ರೈಪರ್ ಕಂಡು ಕಣ್ಣು ತಿರುಗಿತ್ತು. 1614ರಲ್ಲಿ ಈ ತೀರ ಸುತ್ತಿದ ಜಾನ್ ಸ್ಮಿತ್, ಉಬ್ಬರ ತಿರುಗುವಾಗ ಒಂದು ಕೊಳದಿಂದ ಹೊರಟ ಬಾಸ್ ಎಷ್ಟಿದ್ದವೆಂದರೆ ಕಾಲು ಒದ್ದೆಯಾಗದೆ ಅವುಗಳ ಬೆನ್ನ ಮೇಲೆ ನಡೆದು ದಾಟಬಹುದಿತ್ತು ಅನ್ನುವ ಅರ್ಥದಲ್ಲಿ ಬರೆದಿಟ್ಟಿದ್ದಾನೆ. ಅಷ್ಟಿದ್ದದ್ದಕ್ಕೇ ಹೊಲಕ್ಕೆ ಗೊಬ್ಬರವಾಗಿ ಹಾಕುತ್ತಿದ್ದರು. 1639ರಲ್ಲೇ ಮ್ಯಾಸಚೂಸೆಟ್ಸ್ ವಸಾಹತು, ಕಾಡ್ ಮತ್ತು ಬಾಸ್ ಮೀನನ್ನು ಗೊಬ್ಬರ ಮಾಡಬಾರದು ಅಂತ ಕಾನೂನು ತಂದಿತು. 1670ರಲ್ಲಿ ಪ್ಲಿಮತ್ ವಸಾಹತು ಬಾಸ್, ಬಂಗುಡೆ, ಹೆರಿಂಗ್ ಹಿಡಿಯುವವರಿಂದ ಬಂದ ಹಣವನ್ನು ಒಂದು ಉಚಿತ ಶಾಲೆಗೆ ಕೊಟ್ಟಿತು. ಮುಂದೆ 1879ರಲ್ಲಿ ನ್ಯೂಜೆರ್ಸಿಯ ಹೊಳೆಯಿಂದ ನೂರಮೂವತ್ತರಷ್ಟು ಮರಿಗಳನ್ನು ರೈಲಿನಲ್ಲಿ ಇಡೀ ದೇಶ ದಾಟಿಸಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಗೆ ಬಿಟ್ಟರು. ಎರಡು ಮೂರು ವರ್ಷದ ಮೇಲೆ ಇನ್ನೊಂದು ಕಂತು. ಕ್ಯಾಲಿಫೋರ್ನಿಯಾದಲ್ಲಿ ಇವತ್ತು ಸ್ಟ್ರೈಪರ್ ಹಿಡಿಯುವ ನಮ್ಮ ಬೇ ಏರಿಯಾ ಗೆಳೆಯರು ಹಿಡಿಯುತ್ತಿರುವುದು ಆ ರೈಲು ಪ್ರಯಾಣಿಕರ ಮೊಮ್ಮಕ್ಕಳನ್ನು.

1970ರ ದಶಕದ ಕೊನೆಗೆ ಎಲ್ಲ ಕುಸಿಯಿತು. ಅತಿಯಾಗಿ ಹಿಡಿದದ್ದು ದೊಡ್ಡ ಕಾರಣ, ಮೊಟ್ಟೆ ಇಡುವ ಹೊಳೆಗಳ ನೀರು ಕೆಟ್ಟದ್ದೂ ಸೇರಿಕೊಂಡಿತು. ಈ ಕಡಲಿನ ಸ್ಟ್ರೈಪರ್‌ಗಳಲ್ಲಿ ಬಹುಪಾಲು ಹುಟ್ಟುವುದು ಮೇರಿಲ್ಯಾಂಡ್, ವರ್ಜೀನಿಯಾದ ಚೆಸಾಪೀಕ್ ಕೊಲ್ಲಿಯ ಹೊಳೆಗಳಲ್ಲಿ. ಉಳಿದವು ಹಡ್ಸನ್, ಡೆಲವೇರ್. ವಸಂತದಲ್ಲಿ ಸಿಹಿನೀರಿಗೆ ಏರಿ ಮೊಟ್ಟೆ ಬಿಟ್ಟು, ಕಡಲಿಗೆ ಇಳಿದು, ಉತ್ತರಕ್ಕೆ ನಮ್ಮ ಕಡೆ ಬರುತ್ತವೆ. ಮೇ ತಿಂಗಳಲ್ಲಿ ಲೈಲಾಕ್ ಹೂ ಬಿಟ್ಟಾಗ ದೊಡ್ಡವು ಬಂದವು ಅಂತ ಇಲ್ಲಿಯ ಹಳಬರ ಲೆಕ್ಕ. ಚೆಸಾಪೀಕ್ ಕೆಟ್ಟರೆ ಸಾವಿರ ಕಿಲೋಮೀಟರ್ ಆಚೆಯ ಮೇನ್‌ನಲ್ಲೂ ಮೀನಿಲ್ಲ. 1984ರಲ್ಲಿ ಅಮೆರಿಕದ ಸಂಸತ್ತು ಈ ಒಂದು ಮೀನಿಗಾಗಿಯೇ ಕಾಯ್ದೆ ಮಾಡಿತು, ನಿಯಮ ಪಾಲಿಸದ ರಾಜ್ಯದಲ್ಲಿ ಹಿಡಿಯುವುದನ್ನೇ ನಿಲ್ಲಿಸುವ ಅಧಿಕಾರ ಕೇಂದ್ರಕ್ಕೆ ಬಂತು. 1985ರಿಂದ 1990ರವರೆಗೆ ಮೇರಿಲ್ಯಾಂಡ್ ಪೂರ್ತಿ ಬಾಗಿಲು ಹಾಕಿತು. ಒಂದೂ ಹಿಡಿಯುವಂತಿಲ್ಲ. ಅಲ್ಲಿ ಇದರ ಹೆಸರು ರಾಕ್‌ಫಿಶ್, ಅದು ರಾಜ್ಯದ ಮೀನು, ಹಬ್ಬದ ಊಟ. ಅದನ್ನೇ ಬಿಟ್ಟು ಕೂತರು. 1995ರಲ್ಲಿ ಸಂತತಿ ಮರಳಿತು ಅಂತ ಆಯೋಗ ಘೋಷಿಸಿತು. ಮೀನುಗಾರಿಕೆಯ ಇತಿಹಾಸದಲ್ಲಿ ಇಂಥ ಕಥೆ ಸುಲಭಕ್ಕೆ ಸಿಗುವುದಿಲ್ಲ.

ಆಮೇಲೆ ಮತ್ತೆ ಅದೇ ದಾರಿ. 2019ರಲ್ಲಿ ಬಂದ ದೊಡ್ಡ ಸಮೀಕ್ಷೆ, ಸಂತತಿ ಮತ್ತೆ ಬತ್ತಿದೆ, ಹಿಡಿಯುವುದು ಮಿತಿ ಮೀರಿದೆ ಅಂದಿತು. 2020ರಲ್ಲಿ 28ರಿಂದ 35 ಇಂಚಿನ ಮಿತಿ ಬಂತು. ದೊಡ್ಡ ಹೆಣ್ಣುಗಳನ್ನು ಉಳಿಸೋಣ ಅಂತ. ಮರುವರ್ಷದಿಂದ, ಜೀವಂತ ಅಥವಾ ಸತ್ತ ಮೀನನ್ನು ಎರೆಯಾಗಿ ಹಾಕುವವರು ವೃತ್ತದಂತೆ ಬಾಗಿದ ಸರ್ಕಲ್ ಹುಕ್ಕನ್ನೇ ಬಳಸಬೇಕು ಅಂತಾಯಿತು. ಅದು ಗಂಟಲಿಗೆ ನೆಡದೆ ಜಾರಿ ಬಂದು ಬಾಯಿಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ. ನನ್ನ ಪ್ರಕಾರ ಇಷ್ಟು ವರ್ಷದಲ್ಲಿ ಬಂದ ಅತ್ಯಂತ ಬುದ್ಧಿವಂತಿಕೆಯ ನಿಯಮ ಅದೇ. ಆದರೆ 2015ರಲ್ಲಿ ಹುಟ್ಟಿದ ದೊಡ್ಡ ತಂಡ ಬೆಳೆದು 2022ರ ಹೊತ್ತಿಗೆ ಸರಿಯಾಗಿ ಆ ಮಿತಿಯೊಳಗೆ ಬಂತು. ಎಲ್ಲೆಲ್ಲೂ ಅಳತೆಗೆ ಸರಿಯಾದ ಮೀನು. ಮನೆಗೆ ಒಯ್ದದ್ದು ಹಿಂದಿನ ವರ್ಷದ ಹತ್ತಿರ ಹತ್ತಿರ ಎರಡು ಪಟ್ಟು. ಗಾಬರಿಯಾಗಿ 2023ರ ಮೇ ತಿಂಗಳಲ್ಲಿ ಮೇಲಿನ ಮಿತಿಯನ್ನು 31ಕ್ಕೆ ಇಳಿಸಿದರು.

ಗಾಬರಿಗೆ ಕಾರಣ ಹಿಂದೆ ಬರುವವರು ಯಾರೂ ಇಲ್ಲದಿರುವುದು. ಮೇರಿಲ್ಯಾಂಡ್‌ನವರು 1954ರಿಂದ ಪ್ರತಿ ಬೇಸಗೆ ಮೂರು ಸಲ 22 ಗೊತ್ತಾದ ಜಾಗಗಳಲ್ಲಿ ದಡದಿಂದ ಬಲೆ ಎಳೆದು, ಅದರಲ್ಲಿ ಸಿಕ್ಕ ಆ ವರ್ಷದ ಸ್ಟ್ರೈಪರ್ ಮರಿಗಳನ್ನು ಎಣಿಸುತ್ತಾರೆ. ಮಾವನಿಗೆ ಇದನ್ನು ವಿವರಿಸುವುದು ಸುಲಭವಾಯಿತು, ನಮ್ಮ ಕೈರಂಪಣಿಯೇ, ಸಣ್ಣದು. ಒಂದು ಎಳೆತಕ್ಕೆ ಸರಾಸರಿ ಹನ್ನೊಂದು ಮರಿ ಸಿಗುವುದು ವಾಡಿಕೆ. 2023ರಲ್ಲಿ ಸಿಕ್ಕಿದ್ದು ಒಂದು. 2019ರಿಂದ ಈಚೆಗೆ ಸರಾಸರಿ ಮುಟ್ಟಿದ ವರ್ಷವೇ ಇಲ್ಲ. ಚಳಿಗಾಲ ಬೆಚ್ಚಗಾಗಿದೆ, ವಸಂತದಲ್ಲಿ ಹೊಳೆಗೆ ನೀರು ಸಾಲದು. ಮೊಟ್ಟೆಯೊಡೆದ ಮರಿಗೆ ಬೇಕಾದ ಕಣ್ಣಿಗೆ ಕಾಣದಂಥ ಜೀವಿಗಳು ಸರಿಯಾದ ಹೊತ್ತಿಗೆ ಸಿಗುತ್ತಿಲ್ಲ. ಹೆಣ್ಣು ಪೂರ್ತಿ ಬೆಳೆದು ಮೊಟ್ಟೆ ಇಡಲು ಆರೇಳು ವರ್ಷ ಬೇಕು. ಅಂದರೆ ಈಗ ಇರುವ ದೊಡ್ಡವನ್ನು ಇನ್ನೂ ಎಷ್ಟೋ ವರ್ಷ ಕಾಪಾಡಿಕೊಂಡು ಹೋಗಬೇಕು.

ಮಾತು ಇಲ್ಲಿಗೆ ಬಂದಾಗ ಮಾವ ಹೇಳಿದ್ದು ಸರಳ. ನಮ್ಮೂರಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಹಿಡಿದು ಬಿಡುತ್ತೇನೆ ಅಂತ ಯಾರೂ ಕೇಳುವುದಿಲ್ಲ. ಇಳಿಯುವಂತಿಲ್ಲ ಅಂದರೆ ಇಳಿಯುವಂತಿಲ್ಲ. ನಾಡದೋಣಿಗೆ ವಿನಾಯಿತಿ ಇದೆ, ಕದ್ದು ಹೋಗುವವರೂ ಇದ್ದಾರೆ, ಆ ಎರಡು ತಿಂಗಳಿನ ಸಾಲ ಬೇರೆ. ಆದರೂ ಬೋಟು ದಡದಲ್ಲಿ ಕೂತಿರುತ್ತದೆ.

ಇಲ್ಲೂ ಆ ಚರ್ಚೆ ಬಂತು. ಕೆಲವು ವಾರ ಸ್ಟ್ರೈಪರ್‌ಗೆ ಗಾಳ ಹಾಕುವುದನ್ನೇ ನಿಲ್ಲಿಸೋಣ, ಹಿಡಿದು ಬಿಡುವುದನ್ನೂ ಸೇರಿಸಿ, ಅನ್ನುವ ಪ್ರಸ್ತಾಪ ಆಯೋಗದ ಮುಂದೆ ಬಂದಾಗ ವಿರೋಧಿಸಿದವರಲ್ಲಿ ಮೀನು ತಿನ್ನುವವರಿಗಿಂತ ಬಿಡುವವರೇ ಮುಂದೆ. ನಾವು ಒಂದನ್ನೂ ಕೊಲ್ಲುವುದಿಲ್ಲ, ನಮ್ಮನ್ನು ಯಾಕೆ ನಿಲ್ಲಿಸುತ್ತೀರಿ ಅಂತ. ದುಡ್ಡು ತೆಗೆದುಕೊಂಡು ಮೀನು ಹಿಡಿಸಲು ಕರೆದೊಯ್ಯುವ ಗೈಡ್‌ಗಳ ಹೊಟ್ಟೆಪಾಡಿನ ಪ್ರಶ್ನೆ ನಿಜ, ಅದನ್ನು ಹಗುರ ಮಾಡುವುದಿಲ್ಲ. ಬಾಸ್ ಹಿಡಿಯುತ್ತಿದ್ದಾನೋ ಬೇರೆ ಮೀನಿಗೆ ಹಾಕಿದ್ದಾನೋ ಅಂತ ಪೊಲೀಸರು ಹೇಗೆ ಹೇಳುತ್ತಾರೆ ಅನ್ನುವುದೂ ನ್ಯಾಯವಾದ ಪ್ರಶ್ನೆ. ಆದರೆ ಒಂದನ್ನೂ ಕೊಲ್ಲುವುದಿಲ್ಲ ಅನ್ನುವ ಮಾತು ಮಾತ್ರ ಸುಳ್ಳು. ನನ್ನ ಮತ ಕೇಳಿದರೆ, ವರ್ಷಕ್ಕೆ ಕೆಲವು ವಾರ ಎಲ್ಲರಿಗೂ ಬಾಗಿಲು ಹಾಕಲಿ. ನನ್ನನ್ನೂ ಸೇರಿಸಿ.

ಹಗುರ ಗಾಳದವರು ಇನ್ನೊಂದು ಮಾತಿಗೂ ಉತ್ತರ ಕೊಡಬೇಕು. ತೆಳು ದಾರ ಅಂದರೆ ಮೀನಿಗೆ ಸಮಾನ ಅವಕಾಶ ಕೊಟ್ಟಂತೆ ಅಂತ ನಮ್ಮವರು ಹೆಮ್ಮೆಯಿಂದ ಹೇಳುತ್ತಾರೆ. ಮೀನಿನ ಕಡೆಯಿಂದ ನೋಡಿದರೆ ಅದು ಉಲ್ಟಾ. ದಪ್ಪ ದಾರದವನು ಎರಡು ನಿಮಿಷದಲ್ಲಿ ಎಳೆದು ಬಿಡುವ ಮೀನನ್ನು ನಾವು ಹತ್ತು ನಿಮಿಷ ಓಡಿಸಿದರೆ, ಅದರ ಮೈಯಲ್ಲಿ ಲ್ಯಾಕ್ಟಿಕ್ ಆಸಿಡ್ ತುಂಬಿ, ಬಿಟ್ಟ ಮೇಲೂ ಚೇತರಿಸಿಕೊಳ್ಳುವುದು ಕಷ್ಟ. ನೀರು ಬಿಸಿಯಾಗಿದ್ದರಂತೂ ಅದರಲ್ಲಿ ಆಮ್ಲಜನಕವೂ ಕಡಿಮೆ. ಹಾಗಾಗಿ ಹಗುರ ಅನ್ನುವುದಕ್ಕೆ ಒಂದು ಕೆಳಮಿತಿ ಇರಬೇಕು. ಜಾಗ ನೋಡಿ, ಮೀನಿನ ಗಾತ್ರ ನೋಡಿ, ರಾಡಿನ ಬುಡದ ಬಲವನ್ನು ಪೂರ್ತಿ ಬಳಸಿ ಬೇಗ ತರಬೇಕು. ರಾಡ್ ಎತ್ತಿ ಹಿಡಿದು ಆಟ ನೋಡುತ್ತಾ ನಿಲ್ಲೋದು ಬೇಡ. ದೊಡ್ಡವು ಬಂದಿವೆ ಅಂತ ಗೊತ್ತಾದ ಮೇಲೂ ಎಂಟು ಪೌಂಡ್ ದಾರ ಹಿಡಿದು ಹೋಗುವವರು ಮೀನುಗಾರರಲ್ಲ, ಪಂದ್ಯ ಆಡುವವರು.

ಉಳಿದದ್ದು ಸಣ್ಣ ಸಣ್ಣ ಕೆಲಸ. ಮೂರು ಮುಳ್ಳಿನ ಟ್ರೆಬಲ್ ಹುಕ್ ತೆಗೆದು ಒಂಟಿ ಕೊಕ್ಕೆ ಹಾಕುತ್ತೇನೆ, ಹಿಂದಕ್ಕೆ ಚಾಚಿದ ಸಣ್ಣ ಮುಳ್ಳನ್ನು ಇಕ್ಕಳದಿಂದ ಚಪ್ಪಟೆ ಮಾಡುತ್ತೇನೆ. ಇದರಿಂದ ಮೀನು ತಪ್ಪಿಸಿಕೊಳ್ಳುವುದು ಸ್ವಲ್ಪ ಜಾಸ್ತಿಯಾಗುತ್ತದೆ, ಆಗಲಿ. ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಬೇಕು, ಒಣ ಕೈ ಮೈಮೇಲಿನ ಲೋಳೆ ಕಿತ್ತುಬಿಡುತ್ತದೆ. ಸ್ಟ್ರೈಪರ್‌ನ ಕೆಳತುಟಿಗೆ ಹೆಬ್ಬೆರಳು ಹಾಕಿ ಹಿಡಿಯಬಹುದು, ಸೀಸನ್ ಪೂರ್ತಿ ನಮ್ಮ ಹೆಬ್ಬೆರಳು ತರಚಿಕೊಂಡೇ ಇರುತ್ತದೆ. ಆದರೆ ದೊಡ್ಡ ಮೀನನ್ನು ತುಟಿಯಿಂದ ನೇತಾಡಿಸಿ ಫೋಟೋ ತೆಗೆಸಿಕೊಳ್ಳಬೇಡಿ, ಅದರ ಒಳಗಿನದೆಲ್ಲ ನೀರಿನ ಆಸರೆಗೆ ಮಾಡಿದ್ದು. ಫೋಟೋ ಬೇಕೇ ಬೇಕಾದರೆ ಹೊಟ್ಟೆಯ ಕೆಳಗೆ ಇನ್ನೊಂದು ಕೈ ಕೊಟ್ಟು, ನೀರಿನ ಮೇಲೇ, ಒಂದು ಕ್ಲಿಕ್. ಕಿವಿರಿನ ಮುಚ್ಚಳ ಬ್ಲೇಡಿನ ಹಾಗಿದೆ, ಬೆರಳು ಜೋಪಾನ. ನಾಲ್ಕೈದು ಮೀನು ಬಿಟ್ಟ ಮೇಲೆ, ಎಷ್ಟೇ ಚೆನ್ನಾಗಿ ಬೀಳುತ್ತಿದ್ದರೂ, ರಾಡ್ ಮಡಚುತ್ತೇನೆ. ಹೆಂಡತಿ ಇದನ್ನು ನಂಬುವುದಿಲ್ಲ.

ಅಳತೆಗೆ ಬಂದದ್ದು ಸಿಕ್ಕರೆ ವರ್ಷಕ್ಕೆ ಒಂದೆರಡು ಒಯ್ಯುತ್ತೇವೆ. 28 ಇಂಚಿನದು ಸುಮಾರು ನಾಲ್ಕು ಕಿಲೋ. ಬಿಳಿ ಗಟ್ಟಿ ಮಾಂಸ, ಕಾಯಿ ಅರೆದು ಹುಳಿ ಹಾಕಿದ ಸಾರಿಗೆ ಒದಗುತ್ತದೆ, ಆದರೆ ಅಂಜಲ್ ತಿಂದವರ ಬಾಯಿಗೆ ಅದು ಅಂಜಲ್ ಅಲ್ಲ. ಪಾದರಸ, ಪಿಸಿಬಿ ಅನ್ನುವ ವಿಷ ರಾಸಾಯನಿಕ ಇರುತ್ತದೆ ಅಂತ ಮಕ್ಕಳಿಗೂ ಬಸುರಿಯರಿಗೂ ಸರ್ಕಾರದ ಎಚ್ಚರಿಕೆ ಬೇರೆ ಇದೆ.

ಜುಲೈ ಮಧ್ಯಕ್ಕೆ ಕ್ರೀಕಿನ ನೀರು ಕಾಲಿಗೆ ಬೆಚ್ಚಗೆ ಹತ್ತುತ್ತದೆ. ಆಗ ಸ್ಟ್ರೈಪರ್ ರಾಡ್ ಗೋಡೆಗೆ ಒರಗಿಸಿ, ದಕ್ಷಿಣಕ್ಕೆ ಬಜರ್ಡ್ಸ್ ಬೇ ಕಡೆ ಸ್ಕಪ್ ಹಿಡಿಯಲು ಹೋಗುತ್ತೇವೆ. ಅಂಗೈ ಅಗಲದ ಚಪ್ಪಟೆ ಮೀನು, ಬೇಕಾದಷ್ಟಿದೆ, ಸ್ಕ್ವಿಡ್ ಚೂರು ಹಾಕಿದರೆ ಮಕ್ಕಳಿಗೂ ಬೀಳುತ್ತದೆ. ಇಲ್ಲಿಯವರಲ್ಲಿ ತುಂಬಾ ಜನಕ್ಕೆ ಇದು ಬೇಡ, ಮುಳ್ಳು ಜಾಸ್ತಿ ಅಂತಾರೆ. ಜೆಟ್ಟಿಯ ಮೇಲೆ ಇದಕ್ಕಾಗಿ ಬರುವವರು ವಿಯೆಟ್ನಾಂನವರು, ಚೀನಾದವರು, ಕೇಪ್ ವರ್ಡ್‌ನವರು, ಒಂದಿಷ್ಟು ನಮ್ಮವರು. ಅಲ್ಲಿ ಸಿಗುವ ವಿಯೆಟ್ನಾಂ ಅಜ್ಜ ಒಬ್ಬರು ಶುಂಠಿ ಹಾಕಿ ಇಡೀ ಮೀನನ್ನು ಹಬೆಯಲ್ಲಿ ಬೇಯಿಸುವುದನ್ನು ಹೇಳಿಕೊಟ್ಟರು. ಮಾವನಿಗೆ ಅದು ಸಪ್ಪೆ ಅನಿಸಿತು. ಮರುದಿನ ಅವರೇ ಬ್ಯಾಡಗಿ ಮೆಣಸು, ಬೆಳ್ಳುಳ್ಳಿ, ಹುಣಸೆ ಅರೆದು ಗೀರಿದ ಮೈಗೆ ತುಂಬಿ, ತವಾದ ಮೇಲೆ ತೆಂಗಿನೆಣ್ಣೆಯಲ್ಲಿ ಹುರಿದರು. ಹೊಗೆಗೆ ಅಪಾರ್ಟ್‌ಮೆಂಟಿನ ಅಲಾರಂ ಎರಡು ಸಲ ಹೊಡೆಯಿತು. ತವಾ ಖಾಲಿಯಾಗುವವರೆಗೆ ಯಾರೂ ಎದ್ದು ಆಫ್ ಮಾಡಲಿಲ್ಲ.